ಲ್ಯಾಬ್ರಡಾರಾ, ಡ್ಯಾಶ್‌ಹಂಡಾ? ಎರಡನ್ನೂ ಸಾಕಿದ್ಮೇಲೆ ಹೇಳ್ತಿದೀನಿ

ಚಿಕ್ಕ ನಾಯಿ ಅಂದ್ರೆ ಚಿಕ್ಕ ತಲೆನೋವು ಅಂತ ನಂಬ್ಕೊಂಡಿದ್ದೋನು ನಾನು. ನಮ್ಮ ಲ್ಯಾಬು ಕರಿಯ ಹನ್ನೊಂದು ವರ್ಷ ಇದ್ದು ಹೋದ, ಆಮೇಲೆ ಅಕ್ಕ ಕೆಲಸದ ಮೇಲೆ ಬೇರೆ ಕಡೆ ಹೋಗ್ಬೇಕಾಗಿ ಬಂದು ಅವಳ ಉದ್ದ ಮೈ ಗಿಡ್ಡ ಕಾಲಿನ ಡ್ಯಾಶ್‌ಹಂಡ್ ಪುಟ್ಟಿ ಒಂದೂವರೆ ವರ್ಷ ನಮ್ಮನೇಲೇ ಇದ್ಲು. ಕರಿಯ 32 ಕೆಜಿ, ಇವಳು 8. ಕಾಲು ಭಾಗ ಕೆಲಸ ಅಷ್ಟೇ ಬಿಡು ಅಂತ ಹೆಂಡ್ತಿ ಹತ್ರ ಹೇಳಿದ್ದೆ, ಆ ಮಾತನ್ನ ಅವ್ಳು ಇವತ್ತಿಗೂ ಎತ್ತಾಡ್ತಾಳೆ.

ಸೈಜ್ ನೋಡಿ ನಾಯಿ ಆರಿಸ್ಬಾರ್ದು ರೀ, ಅದನ್ನ ಯಾವ ಕೆಲಸಕ್ಕೆ ಅಂತ ಬೆಳೆಸ್ಕೊಂಡು ಬಂದ್ರು ಅಂತ ನೋಡ್ಬೇಕು. ಲ್ಯಾಬಿನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ಜೊತೆ ತಣ್ಣೀರಿಗಿಳಿದು ಬಲೆ ಎಳ್ಕೊಡ್ತಿದ್ದ ನಾಯಿಗಳು, ಆಮೇಲೆ ಬ್ರಿಟನ್ನಲ್ಲಿ ಗುಂಡೇಟಿಗೆ ಬಿದ್ದ ಹಕ್ಕಿನ ಜಜ್ಜದೆ ತಂದ್ಕೊಡೋ ಕೆಲಸ, ಅಂದ್ರೆ ಮನುಷ್ಯನ ಮುಖ ನೋಡ್ಕೊಂಡೇ ದುಡಿದ ಜಾತಿ. ಕರಿಯ ಒಂದ್ಸಲ ಅಡುಗೆಮನೆಯಿಂದ ಮೊಟ್ಟೆ ಎತ್ಕೊಂಡ್ ಬಂದು ಅಮ್ಮನ ಕಾಲ ಹತ್ರ ಇಟ್ಟ, ಮೈಯೆಲ್ಲಾ ಜೊಲ್ಲು, ಬಿರುಕು ಮಾತ್ರ ಒಂದೂ ಇಲ್ಲ. ಡ್ಯಾಶ್‌ಹಂಡ್ ಅಂದ್ರೆ ಜರ್ಮನ್ ಭಾಷೇಲಿ ಬ್ಯಾಜರ್ ನಾಯಿ ಅಂತ, ಬ್ಯಾಜರ್ ಅಂದ್ರೆ ಬಿಲ ತೋಡ್ಕೊಂಡು ಇರೋ ಒಂದು ಕಾಡುಪ್ರಾಣಿ. ಅದರ ಬಿಲದೊಳಗೆ ಒಂಟಿಯಾಗಿ ನುಗ್ಗಿ ಕತ್ತಲಲ್ಲಿ ತಾನೇ ತೀರ್ಮಾನ ತಗೋಬೇಕಿದ್ದ ನಾಯಿ ಅದು, ಅದಕ್ಕೇ ಪುಟ್ಟಿ ನಾವು ‘ಬಾ’ ಅಂದ್ರೆ ತಿರುಗಿ ನೋಡ್ತಾಳೆ, ಯೋಚ್ನೆ ಮಾಡ್ತಾಳೆ, ಲಾಭ ಇದ್ರೆ ಬರ್ತಾಳೆ.

ವಾಕಿಂಗ್ ವಿಷ್ಯದಲ್ಲಿ ಡ್ಯಾಶ್‌ಹಂಡ್ ಗೆಲ್ಲುತ್ತೆ, ಅದ್ರಲ್ಲಿ ಮಾತಿಲ್ಲ. ಕರಿಯನಿಗೆ ಬೆಳಿಗ್ಗೆ ಸಂಜೆ ಸೇರಿ ಒಂದೂವರೆ ಗಂಟೆ ಓಡಾಟ ಆಗ್ಲಿಲ್ಲ ಅಂದ್ರೆ ಚಪ್ಪಲಿ ಉಳೀತಿರ್ಲಿಲ್ಲ, ಅದೂ ಮೊದಲ ಎರಡು ವರ್ಷ ಕೇಳ್ಬೇಡಿ. ಕೂದ್ಲಂತೂ ಗುಡಿಸಿದ ಜಾಗದಲ್ಲೇ ಮತ್ತೆ ಬೀಳ್ತಿತ್ತು. ಹೊಟ್ಟೆಬಾಕತನಕ್ಕೂ ಕಾರಣ ಇದೆ, 2016ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿಯೋರು ನೋಡಿದಾಗ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಲ್ಯಾಬಿಗೆ ಹಸಿವಿಗೆ ಸಂಬಂಧಪಟ್ಟ ಒಂದು ಜೀನ್ ಅರೆಬರೆ ಇತ್ತಂತೆ. ನಮ್ಮೋನು ಆ ನಾಲ್ಕರಲ್ಲಿ ಒಬ್ಬನೇ ಇರ್ಬೇಕು, ಅಳತೆ ಮಾಡಿ ಹಾಕದಿದ್ರೆ ಒಂದೇ ತಿಂಗಳಲ್ಲಿ ಪೀಪಾಯಿ.

ಬೊಗಳೋದ್ರಲ್ಲಿ ಉಲ್ಟಾ. ಪುಟ್ಟಿ ಗಂಟ್ಲು ಕೇಳಿದೋರು ಬಾಗಿಲ ಹಿಂದೆ ದೊಡ್ಡ ನಾಯಿನೇ ಇದೆ ಅನ್ಕೊಳ್ತಿದ್ರು. ಹೂಕುಂಡ, ಹಾಸಿಗೆ, ಸೋಫಾ ಮೂಲೆ, ಎಲ್ಲಾ ಕೆರೆಯೋದೇ. ಮಳೆ ಬಂದ್ರೆ ಹೊರಗೆ ಕಾಲಿಡಲ್ಲ, ಕಾರ್ಪೆಟ್ ಇದ್ಯಲ್ಲ!

ನಿಜವಾದ ಭಯ ಅಂದ್ರೆ ಬೆನ್ನು. ಒಂದಿನ ಸೋಫಾದಿಂದ ಧುಮುಕಿದೋಳು ಹಂಗೇ ನಿಂತ್ಬಿಟ್ಲು, ಬೆನ್ನು ಗೂನು, ಮೈ ನಡುಕ, ಊಟದ ತಟ್ಟೆ ಮುಂದಿಟ್ರೂ ಕತ್ತು ಬಗ್ಗಿಸ್ಲಿಲ್ಲ. ಡಿಸ್ಕ್, ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅದರದ್ದೇ ತೊಂದ್ರೆ ಅಂದ್ರು ಡಾಕ್ಟ್ರು. ಕಾಲು ಗಿಡ್ಡ ಆಗೋ ಜೀನಿನ ಸಂಗತಿನೇ ಬೆನ್ನಿನ ಡಿಸ್ಕನ್ನೂ ಬೇಗ ಗಟ್ಟಿ ಮಾಡುತ್ತೆ, ಈ ಜಾತೀಲಿ ನಾಲ್ಕೈದರಲ್ಲಿ ಒಂದಕ್ಕೆ ಈ ಕಾಟ ಬರುತ್ತೆ. ಪುಣ್ಯಕ್ಕೆ ಆಪರೇಷನ್ ಬೇಕಾಗ್ಲಿಲ್ಲ, ಆರು ವಾರ ಗೂಡಲ್ಲೇ ರೆಸ್ಟು, ಒಂದು ಕೈ ಎದೆ ಕೆಳಗೆ ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಬೆನ್ನು ನೇರ ಇರೋ ಹಂಗೆ ಎತ್ಕೊಂಡು ಹೋಗಿ ಉಚ್ಚೆ ಮಾಡ್ಸ್ಕೊಂಡು ಬರೋದು. ಮಕ್ಕಳು ಸಡನ್ನಾಗಿ ಎತ್ಕೊಳ್ಳೋಕೆ ಹೋದ್ರೆ ಗುರ್ ಅಂತಿದ್ಲು, ಅದು ತಪ್ಪು ಅಂತ ನಂಗನ್ಸಲ್ಲ.

ಲ್ಯಾಬಿಗೂ ಕೊನೇಲಿ ಕಷ್ಟ ಇಲ್ಲ ಅಂತಲ್ಲ. ಕರಿಯನ ಸೊಂಟದ ಕೀಲು ಹೋಗಿ, ಕೊನೆ ಎಂಟು ತಿಂಗಳು ಹೊಟ್ಟೆ ಕೆಳಗೆ ಬೆಡ್‌ಶೀಟ್ ತೂರಿಸಿ ಎರಡು ತುದಿ ಹಿಡ್ಕೊಂಡು ಮೆಟ್ಟಿಲು ಇಳಿಸ್ತಿದ್ವಿ, ನಾನು ಮತ್ತೆ ಮಗ. 8 ಕೆಜಿ ನಾಯಿ ಎಷ್ಟು ಸುಖ ಅಂತ ಆಮೇಲೆ ಪುಟ್ಟಿನ ಎತ್ಕೊಳ್ಳೋವಾಗ ಅನ್ಸಿದ್ದು ಸುಳ್ಳಲ್ಲ.

ಮನೇಲಿ ದೊಡ್ಡೋರೇ ಇದ್ದು, ಮೆಟ್ಟಿಲ ತಾಪತ್ರಯ ಇಲ್ದೆ, ಅಕ್ಕಪಕ್ಕದೋರು ಗಲಾಟೆ ಸಹಿಸ್ಕೊಳ್ಳೋರಾದ್ರೆ ಡ್ಯಾಶ್‌ಹಂಡ್ ತಗೊಳ್ಳಿ, ಅಷ್ಟು ತಮಾಷೆ ನಾಯಿ ಇನ್ನೊಂದಿಲ್ಲ. ನಮ್ಮನೇಲಿ ಮೆಟ್ಟಿಲೂ ಇದೆ, ಎಲ್ಲಿಂದೆಲ್ಲಿಗೋ ಹಾರೋ ಇಬ್ರು ಮಕ್ಕಳೂ ಇದಾರೆ. ಹಂಗಾಗಿ ಮತ್ತೆ ಲ್ಯಾಬೇ, ಈ ಸಲ ಹೆಣ್ಣು, ತೂಕ ಸ್ವಲ್ಪ ಕಮ್ಮಿ ಇರುತ್ತೆ, ಮತ್ತೆ ಮರಿ ಬೇಡ, ಚಪ್ಪಲಿ ಕಡಿಯೋ ವಯಸ್ಸು ದಾಟಿರೋದು ಸಿಕ್ರೆ ಸಾಕು. ಹೆಂಡ್ತಿ ಒಪ್ಪಿದಾಳೆ, ಪೊರಕೆ ನಿಮ್ಮ ಕೈಲೇ ಇರ್ಬೇಕು ಅನ್ನೋ ಷರತ್ತಿನ ಮೇಲೆ.