ಬಾಯಲ್ಲಿ ಕರಗುವ ವಾಂತಿ ಮಾತ್ರೆ: ಐದಕ್ಕೆ ನಾಲ್ಕು

ಗಂಟಲಿಗೆ ರೇಡಿಯೇಷನ್ ಶುರುವಾಗಿ ಮೂರನೇ ವಾರಕ್ಕೆ ಅಪ್ಪನಿಗೆ ಗಂಜಿ ಇಳಿಯುವುದೂ ಕಷ್ಟವಾಯಿತು. ಜೊತೆಗೆ ಕೀಮೋ. ವಾಂತಿ ನಿಲ್ಲಲಿ ಅಂತ ಮಾತ್ರೆ ನುಂಗಿಸಲು ಹೋದರೆ ಅದೇ ನೆವಕ್ಕೆ ಇನ್ನೊಂದು ವಾಂತಿ. ನಲವತ್ತು ವರ್ಷ ಎಲೆಯಡಿಕೆ ಕವಳ ಹಾಕಿದ ಬಾಯಿ. ಈಗ ನೀರು ಅಂದರೂ ಮುಖ ತಿರುಗಿಸುತ್ತಿದ್ದರು.

ಆಗ ಡಾಕ್ಟರು ಒಂಡಾನ್‌ಸೆಟ್ರಾನ್ ಎಂಡಿ ಬರೆದರು. ಎಂಡಿ ಅಂದರೆ ಮೌತ್ ಡಿಸಾಲ್ವಿಂಗ್. ನಾಲಿಗೆ ಮೇಲಿಟ್ಟರೆ ಕರಗುತ್ತದೆ, ಲೋಟ ನೀರು ಬೇಕಿಲ್ಲ.

ಮೊದಲ ದಿನ ಕರಗಲೇ ಇಲ್ಲ! ಸೀಮೆಸುಣ್ಣದ ಚೂರಿನ ಹಾಗೆ ಅಂಗುಳಿಗೆ ಅಂಟಿ ಕೂತಿತು. ರೇಡಿಯೇಷನ್‌ನಿಂದ ಬಾಯಿ ಒಣಗಿರುತ್ತದೆ. ಈ ಮಾತ್ರೆ ಕರಗುವುದೇ ಎಂಜಲಿನಿಂದ. ಇಷ್ಟು ಸಣ್ಣ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಮರುದಿನ ನರ್ಸ್ ಹೇಳಿದ ಹಾಗೆ ಒಂದು ಚಮಚ ನೀರಿನಿಂದ ಬಾಯಿ ಒದ್ದೆ ಮಾಡಿಸಿ ಇಟ್ಟೆವು. ಮೊಬೈಲ್‌ನಲ್ಲಿ ಸಮಯ ನೋಡಿದೆ, ಸುಮಾರು 20 ಸೆಕೆಂಡು. ಇಂಥ ಮಾತ್ರೆ ಹೆಚ್ಚುಕಮ್ಮಿ 30 ಸೆಕೆಂಡಿನೊಳಗೆ ಒಡೆಯಬೇಕು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಹೇಳಿದೆ. ಹಾಗಾಗಿ ಪಾಸು. ತಣ್ಣಗೆ, ಸಿಹಿಯಾಗಿ ಇರುತ್ತದಂತೆ. ಆ ತಂಪು ಮಾತ್ರೆಗೆ ಬೆರೆಸುವ ಸಿಹಿಪುಡಿ ಮ್ಯಾನಿಟಾಲ್‌ನದು. "ಇದು ಮಾತ್ರೆನೋ ಪೆಪ್ಪರ್‌ಮೆಂಟೋ?" ಅಂದರು ಅಪ್ಪ. ಎಷ್ಟೋ ದಿನದ ಮೇಲೆ ಕೇಳಿದ ತಮಾಷೆ ಅದು.

ಕರಗಿದ ತಕ್ಷಣ ವಾಂತಿ ನಿಲ್ಲುತ್ತದೆ ಅಂತ ಕಾಯಬೇಡಿ. ಔಷಧಿ ಎಂಜಲಿನ ಜೊತೆ ಹೊಟ್ಟೆಗೆ ಇಳಿದೇ ಕೆಲಸ ಮಾಡಬೇಕು. ನಾವು ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡುತ್ತಿದ್ದೆವು. ಮಲಬದ್ಧತೆಯೂ ಆಗುತ್ತದೆ, ಅದಕ್ಕೊಂದು ಉಪಾಯ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಬೆಲೆ ಕೈ ಸುಡಲಿಲ್ಲ. ಎರಡನೇ ಸಲ ಜೆನೆರಿಕ್ ತಂದೆ, ಇನ್ನೂ ಕಮ್ಮಿ ಆಯಿತು, ಕೆಲಸ ಅದೇ. ಮೊದಮೊದಲು ಇಂಥ ಮಾತ್ರೆಗಳನ್ನು ಹೆಪ್ಪುಗಟ್ಟಿಸಿ ಒಣಗಿಸಿ ಮಾಡುತ್ತಿದ್ದರು, ಅದು ದುಬಾರಿ ಯಂತ್ರದ ಕೆಲಸ. ಈಗ ಕ್ರಾಸ್‌ಪೊವಿಡೋನ್ ಥರದ ಪುಡಿ ಬೆರೆಸಿ ಮಾಮೂಲಿ ಮಾತ್ರೆ ಒತ್ತುವ ಯಂತ್ರದಲ್ಲೇ ಮಾಡಬಹುದು. ಆ ಪುಡಿ ಸ್ಪಂಜಿನ ಹಾಗೆ ಎಂಜಲು ಹೀರಿ ಮಾತ್ರೆಯನ್ನು ಒಳಗಿನಿಂದ ಬಿಡಿಸುತ್ತದೆ.

ಸಿಟ್ಟು ಬಂದಿದ್ದು ಮೊದಲು ತಂದ ಸ್ಟ್ರಿಪ್ ಮೇಲೆ. ಹಿಂದಿನಿಂದ ಒತ್ತಿದರೆ ಮಾತ್ರೆ ಪುಡಿಪುಡಿ. ಹಾಳೆ ಸುಲಿಯೋಣ ಅಂದರೆ ಅಮ್ಮನ ಉಗುರಿಗೆ ಅಂಚೇ ಸಿಗುವುದಿಲ್ಲ. ನುಂಗಲಾಗದವರಿಗೆ ಮಾಡಿದ ಮಾತ್ರೆಯನ್ನು ಅವರಿಗೇ ಬಿಚ್ಚಲಾಗದ ಹಾಗೆ ಕಟ್ಟಿದ್ದಾರೆ, ವಿಚಿತ್ರ ಅಲ್ವಾ? ಒಂದನ್ನು ಬೆಳಿಗ್ಗೆಯೇ ಬಿಚ್ಚಿ ಡಬ್ಬಿಗೆ ಹಾಕಿಟ್ಟಿದ್ದೆ. ನಮ್ಮ ಸಾಗರದ ಆಷಾಢದ ತೇವಕ್ಕೆ ಸಂಜೆಗೆ ಮೆತ್ತಗಾಗಿತ್ತು.

ಇನ್ನೊಂದು. ಸ್ಟ್ರಿಪ್ ಮೇಲೆ ಡಿಟಿ ಅಂತಿದ್ದರೆ ಅದು ಬೇರೆ, ನೀರಿನಲ್ಲಿ ಕದಡಿ ಕುಡಿಯುವ ಮಾತ್ರೆ. ಅಂಗಡಿ ಹುಡುಗ ಒಮ್ಮೆ "ಎರಡೂ ಒಂದೇ" ಅಂತ ಅದನ್ನೇ ಕೊಟ್ಟಿದ್ದ. ವಾಪಸ್ ಕೊಟ್ಟು ಬಂದೆ.

ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ ಎಸ್ಆರ್, ನಿಧಾನಕ್ಕೆ ಔಷಧಿ ಬಿಡುವಂಥದ್ದು. ಅದನ್ನು ಪುಡಿ ಮಾಡಿದರೆ ದಿನದ ಡೋಸ್ ಒಟ್ಟಿಗೇ ಬಿಡುಗಡೆಯಾಗುತ್ತದೆ, ಮಾಡಲೇಬಾರದು. ಅದರಲ್ಲೂ ಎಂಡಿ ಇದೆಯಾ ಅಂತ ಕೇಳಿದ ಮೂರು ಅಂಗಡಿಯಲ್ಲೂ ಇಲ್ಲ ಅಂದರು. ಕೊನೆಗೆ ಡಾಕ್ಟರೇ ಪುಡಿ ಮಾಡಬಹುದಾದ ಮಾತ್ರೆಗೆ ಬದಲಾಯಿಸಿದರು.

ಐದಕ್ಕೆ ನಾಲ್ಕು. ಒಂದು ಅಂಕ ಆ ಹಾಳೆಗೆ ಕಳೆದಿದ್ದೇನೆ. ಈಗ ಮಾತ್ರೆ ಡಬ್ಬಿಗೆ ದಾರ ಕಟ್ಟಿ ಪುಟ್ಟ ಕತ್ತರಿಯೊಂದನ್ನು ನೇತುಹಾಕಿದ್ದೇವೆ.