ಜಿರಳೆ ಜೆಲ್: ಎರಡು ತಿಂಗಳು ಬಳಸಿ ಬರೀತಿರೋ ರಿವ್ಯೂ, ಸ್ಪ್ರೇ ಹೊಡೆಯೋರು ದಯವಿಟ್ಟು ಓದಿ

ಸಿರಿಂಜ್ ಥರ ಟ್ಯೂಬಲ್ಲಿ ಬರತ್ತಲ್ಲ ಜಿರಳೆ ಜೆಲ್, ಅದರ ಬಗ್ಗೆ ಇದು. ನಾನು ತಗೊಂಡಿದ್ದರ ಮೇಲೆ ಫಿಪ್ರೋನಿಲ್ 0.05% ಅಂತ ಇತ್ತು, ಜಿರಳೆ ಸಾಯಿಸೋ ಔಷಧಿ ಅದೇ. ಒಂದೇ ಔಷಧಿನ ಬೇರೆ ಬೇರೆ ಕಂಪನಿಯವರು ಬೇರೆ ಬೇರೆ ಹೆಸರಲ್ಲಿ ಮಾರ್ತಾರೆ, ಅದಕ್ಕೆ ಬ್ರಾಂಡ್ ಹೇಳ್ತಿಲ್ಲ, ಪ್ಯಾಕೆಟ್ ಹಿಂದಿರೋ ಸಣ್ಣ ಅಕ್ಷರ ಓದಿ ತಗೊಳ್ಳಿ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಅರ್ಧ ಯಾಕೆ ಕಮ್ಮಿ ಅಂತ ಆಮೇಲೆ ಹೇಳ್ತೀನಿ.

ನಮ್ಮದು ಬೆಂಗಳೂರಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಬಂದು ಎರಡು ತಿಂಗಳಿಗೇ ಶುರುವಾಯ್ತು. ರಾತ್ರಿ ನೀರು ಕುಡಿಯೋಕೆ ಎದ್ದು ಅಡುಗೆಮನೆ ಲೈಟ್ ಹಾಕಿದ್ರೆ ಕಟ್ಟೆ ಮೇಲಿಂದ ಚೆಲ್ಲಾಪಿಲ್ಲಿ ಓಡ್ತಿದ್ವು. ಒಂದಿನ ಬೆಳಿಗ್ಗೆ ಅತ್ತೆ ಚಟ್ನಿ ರುಬ್ಬೋಕೆ ಅಂತ ಮಿಕ್ಸಿ ಎತ್ತಿದ್ದಾರೆ, ತಳದಲ್ಲಿ ಗಾಳಿ ಆಡೋಕೆ ತೂತು ಇರತ್ತಲ್ಲ ಅದರೊಳಗಿಂದ ಐದಾರು ಮರಿ ಬಂದ್ವಂತೆ. "ಇದರಲ್ಲಿ ಹೇಗೆ ರುಬ್ಬೋದೇ, ನನಗೆ ಕೈಯೇ ಬರಲ್ಲ" ಅಂತ ಅಲ್ಲೇ ಇಟ್ಟು ಹೊರಗೆ ಬಂದು ಕೂತ್ಬಿಟ್ರು. ಅವರಿಗೆ ಉಬ್ಬಸ ಬೇರೆ ಇದೆ. ಜಿರಳೆ ಹಿಕ್ಕೆ, ಅದು ಕಳಚಿದ ಪೊರೆ, ಇದೆಲ್ಲ ಪುಡಿಯಾಗಿ ಧೂಳಿನ ಜೊತೆ ಸೇರಿದ್ರೆ ಅಸ್ತಮಾ ಇರೋರಿಗೆ ಕೆರಳತ್ತೆ. ನನಗೆ ಅಸಹ್ಯಕ್ಕಿಂತ ಅದೇ ದೊಡ್ಡ ಚಿಂತೆ ಆಗಿತ್ತು.

ಮೊದಲು ಪೆಸ್ಟ್ ಕಂಟ್ರೋಲ್‌ನೋರನ್ನ ಕರೆಸಿದ್ವಿ. ಪಾತ್ರೆ ಎಲ್ಲ ಹಾಲ್‌ಗೆ ಹಾಕಿ, ಅತ್ತೇನ ಎರಡು ದಿನ ನಾದಿನಿ ಮನೆಗೆ ಕಳಿಸಿ, ಇಷ್ಟೆಲ್ಲ ಮಾಡಿದ್ಮೇಲೆ ಬಂದ ಹುಡುಗ ಹದಿನೈದು ನಿಮಿಷದಲ್ಲಿ ಮೂಲೆ ಮೂಲೆಗೆ ಸ್ಪ್ರೇ ಹೊಡೆದು "ಮೂರು ತಿಂಗಳು ಒಂದೂ ಕಾಣ್ಸಲ್ಲ ಮೇಡಂ" ಅಂದು 1,500 ರೂಪಾಯಿ ತಗೊಂಡು ಹೋದ. ಫ್ರಿಜ್ ಹಿಂದೆ ನೋಡ್ಲಿಲ್ಲ, ಯಾವ ಥರದ ಜಿರಳೆ ಅಂತ ಕೇಳ್ಲಿಲ್ಲ. ಒಂದು ವಾರ ನಿಜವಾಗ್ಲೂ ಏನೂ ಇರ್ಲಿಲ್ಲ. ಮೂರನೇ ವಾರಕ್ಕೆ ಮತ್ತೆ ಬಂದ್ವು, ಮೊದಲು ಅಡುಗೆಮನೇಲಿ ಮಾತ್ರ ಇದ್ದಿದ್ದು ಈಗ ಬೆಡ್‌ರೂಮಿನ ಬೀರುವಲ್ಲೂ.

ಯಾಕೆ ಹಿಂಗಾಯ್ತು ಅಂತ ಕೂತು ಓದಿದ ಮೇಲೆ ಗೊತ್ತಾಗಿದ್ದು ಇದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣೋದು ಎರಡು ಜಾತಿ. ಒಂದು ದೊಡ್ಡದು, ಒಂದೂವರೆ ಇಂಚು, ಕೆಂಪು ಕಂದು ಬಣ್ಣ, ಬಚ್ಚಲು ಮೋರಿ ಚರಂಡಿಯಿಂದ ಬರೋದು, ಅದಕ್ಕೆ ಅಮೆರಿಕನ್ ಜಿರಳೆ ಅಂತಾರೆ. ಇನ್ನೊಂದು ಅರ್ಧ ಇಂಚಿಂದು, ತೆಳು ಕಂದು, ತಲೆ ಹಿಂದೆ ಉದ್ದಕ್ಕೆ ಎರಡು ಕಪ್ಪು ಗೆರೆ, ಇದು ಜರ್ಮನ್ ಜಿರಳೆ. ಎಷ್ಟೋ ಜನ ಈ ಚಿಕ್ಕದನ್ನ ದೊಡ್ಡದರ ಮರಿ ಅಂದ್ಕೊಂಡಿರ್ತಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ. ಅಲ್ಲ. ಪೂರ್ತಿ ಬೆಳೆದ ಮೇಲೂ ಅದು ಅಷ್ಟೇ ಇರೋದು, ರೆಕ್ಕೆ ಇದ್ರೆ ಬೆಳೆದಿದ್ದು, ರೆಕ್ಕೆ ಇಲ್ದೆ ಕಪ್ಪಗಿದ್ರೆ ಮರಿ. ಹೆಸರು ಜರ್ಮನ್ ಅಂತ ಇದ್ರೂ ಮೂಲ ನಮ್ಮ ಕಡೆದೇ, 1767ರಲ್ಲಿ ಲಿನೇಯಸ್ ಅನ್ನೋ ಸ್ವೀಡನ್ ವಿಜ್ಞಾನಿ ಆ ಹೆಸರಿಟ್ಟಿದ್ದು ಅಷ್ಟೇ, ಸುಮಾರು 2,100 ವರ್ಷದ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಇನ್ನೊಂದು ಕಾಡು ಜಾತಿಯಿಂದ ಇದು ಬೇರೆ ಆಯ್ತು ಅಂತ 2024ರಲ್ಲಿ ಡಿಎನ್‌ಎ ನೋಡಿ ಕಂಡುಹಿಡಿದಿದ್ದಾರೆ. ಅಷ್ಟು ಕಾಲದಿಂದ ಮನುಷ್ಯರ ಅಡುಗೆಮನೆ ಬಿಟ್ಟು ಬೇರೆ ಕಡೆ ಬದುಕೋದನ್ನೇ ಮರೆತಿರೋ ಹುಳ ಇದು.

ಸ್ಪ್ರೇ ಯಾಕೆ ಸೋಲತ್ತೆ ಅಂದ್ರೆ ಮೊಟ್ಟೆ. ಒಂದು ರಾತ್ರಿ ಟಾರ್ಚ್ ಹಿಡ್ಕೊಂಡು ಸಿಂಕ್ ಕೆಳಗಿನ ಕಪಾಟಿನ ಬಾಗಿಲ ಕೀಲು ನೋಡ್ತಿದ್ದೆ, ಒಂದು ಹೆಣ್ಣು ಜಿರಳೆ ಅಲ್ಲಾಡದೆ ನಿಂತಿತ್ತು, ಹಿಂಭಾಗದಲ್ಲಿ ಕಂದು ಬಣ್ಣದ ಚೀಲ ಅರ್ಧ ಹೊರಗೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಡ್ಡಡ್ಡ ಗೆರೆ ಗೆರೆ. ಅದೇ ಮೊಟ್ಟೆ ಚೀಲ, ಒಂದರಲ್ಲಿ 30-40 ಮೊಟ್ಟೆ ಇರತ್ತೆ, ಒಡೆಯೋ ಹೊತ್ತು ಬರೋವರೆಗೂ ತಾಯಿ ಅದನ್ನ ಹೊತ್ಕೊಂಡೇ ಬಿರುಕೊಳಗೆ ಅವಿತಿರತ್ತೆ. ಸ್ಪ್ರೇ ಅಷ್ಟು ಒಳಗೆ ಹೋಗಲ್ಲ, ಹೋದ್ರೂ ಚೀಲದ ಗಟ್ಟಿ ಹೊದಿಕೆ ದಾಟಲ್ಲ, ಮೇಲಾಗಿ ಆ ವಾಸನೆಗೆ ಉಳಿದಿದ್ದೆಲ್ಲ ಹೆದರಿ ಬೇರೆ ರೂಮಿಗೆ ಹಂಚಿಹೋಗತ್ತೆ. ನಮ್ಮ ಬೀರುಗೆ ಬಂದಿದ್ದು ಹಂಗೇ.

ಜೆಲ್ ಕೆಲಸ ಮಾಡೋದು ಉಲ್ಟಾ ರೀತೀಲಿ. ಅದು ಊಟ. ಜಿರಳೆನೇ ಬಂದು ತಿನ್ನತ್ತೆ, ತಕ್ಷಣ ಸಾಯಲ್ಲ, ವಾಪಸ್ ಗೂಡಿಗೆ ಹೋಗತ್ತೆ, ಅಲ್ಲಿ ಅದರ ಹಿಕ್ಕೆನ, ಸತ್ತ ಮೇಲೆ ಅದರ ದೇಹಾನ ಬೇರೆಯವು ಮರಿಗಳು ತಿಂತಾವೆ, ಅವೂ ಸಾಯ್ತಾವೆ. ಅದಕ್ಕೆ ಮೊದಲ ವಾರ ಮೂಲೇಲಿ ಕಾಣದೇ ಬಿದ್ದಿರೋ ಸತ್ತ ಜಿರಳೆನ ಹುಡುಕಿ ಹುಡುಕಿ ಗುಡಿಸ್ಬೇಡಿ, ಕಟ್ಟೆ ಮೇಲೆ ಬಿದ್ದಿದ್ದು ಮಾತ್ರ ತೆಗೀರಿ.

ಹಚ್ಚೋ ರೀತೀಲೇ ಎಲ್ಲ ಇರೋದು. ದೊಡ್ಡ ದೊಡ್ಡ ಮುದ್ದೆ ಹಾಕ್ಬೇಡಿ, ಹೆಸರುಕಾಳಿನಷ್ಟು ಸಣ್ಣ ಚುಕ್ಕೆ, ಆದ್ರೆ ಜಾಸ್ತಿ ಜಾಗದಲ್ಲಿ. ಎಲ್ಲಿ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಾಣತ್ತೋ ಅದು ಹಿಕ್ಕೆ, ಗೂಡು ಅಲ್ಲೇ ಹತ್ರ ಇದೆ ಅಂತ ಅರ್ಥ, ಅಲ್ಲಿ ಹಚ್ಚಿ. ನಾನು ಹಚ್ಚಿದ್ದು ಫ್ರಿಜ್ ಹಿಂದೆ ಮೋಟರ್ ಪಕ್ಕ ಬೆಚ್ಚಗಿರೋ ಜಾಗದಲ್ಲಿ, ಕಪಾಟಿನ ಕೀಲುಗಳ ಒಳಗೆ, ಸಿಂಕ್ ಪೈಪ್ ಗೋಡೆಗೆ ಹೋಗೋ ಕಡೆ, ಗ್ಯಾಸ್ ಕಟ್ಟೆ ಕಲ್ಲಿನ ಅಡಿ, ವಾಟರ್ ಫಿಲ್ಟರ್ ಹಿಂದೆ. ಒಟ್ಟು ಐವತ್ತು ಚುಕ್ಕೆ ಆಗಿರ್ಬೇಕು. ಮಿಕ್ಸಿ ಒಳಗೆ ಹಾಕ್ಲಿಲ್ಲ, ಅದನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟು, ಅದನ್ನ ಇಡ್ತಿದ್ದ ಮೂಲೇಲಿ ಮಾತ್ರ ಹಚ್ಚಿದೆ. ಹಚ್ಚೋ ಮುಂಚೆ ಹಳೇ ಸ್ಪ್ರೇ ಅಂಶ ಹೋಗೋ ಹಾಗೆ ಸೋಪು ನೀರಲ್ಲಿ ಒರೆಸಿ ಒಣಗಿಸಿದೆ, ಇದು ತುಂಬ ಮುಖ್ಯ. ಜೆಲ್ ಹಚ್ಚಿದ ಮನೇಲಿ ಸ್ಪ್ರೇ, ಜಿರಳೆ ಚಾಕ್‌ಪೀಸ್, ಫಿನಾಯಿಲ್ ಯಾವುದೂ ಆ ಜಾಗದಲ್ಲಿ ತಾಗಿಸ್ಬೇಡಿ, ವಾಸನೆ ಬಂದ್ರೆ ಜಿರಳೆ ಜೆಲ್ ಮುಟ್ಟಲ್ಲ.

ಲೆಕ್ಕ ಇಡೋಕೆ ಅಂತ ಗಮ್ ಇರೋ ಟ್ರ್ಯಾಪ್ ಒಂದು ಫ್ರಿಜ್ ಕೆಳಗೆ ಇಟ್ಟಿದ್ದೆ. ಹಚ್ಚೋಕೆ ಮುಂಚಿನ ರಾತ್ರಿ 23 ಅಂಟ್ಕೊಂಡಿದ್ವು. ಎರಡನೇ ದಿನದಿಂದ ಹಾಡಹಗಲಲ್ಲೇ ಜಿರಳೆಗಳು ಅಮಲೇರಿದ ಹಾಗೆ ನಡ್ಕೊಂಡು ಬಂದು ಮಗುಚಿ ಬೀಳೋಕೆ ಶುರುವಾದ್ವು. ಅತ್ತೆ ಹೆದರ್ಕೊಂಡ್ರು, ಜಾಸ್ತಿ ಆಗ್ತಿದೆಯಲ್ಲ ಅಂತ, ಅಲ್ಲ ಅತ್ತೆ ಔಷಧಿ ಹತ್ತಿದೆ ಅದಕ್ಕೆ ಅಂತ ಸಮಾಧಾನ ಮಾಡ್ದೆ. ಹತ್ತನೇ ದಿನ ಒಂದು ರಾತ್ರಿಗೆ 4 ಬಿದ್ವು. ಹದಿನೈದನೇ ದಿನ ಮತ್ತೆ ಹಚ್ಚಿದೆ, ಯಾಕಂದ್ರೆ ಚೀಲದೊಳಗೆ ಉಳಿದ ಮೊಟ್ಟೆಗಳಲ್ಲಿ ಎಷ್ಟೋ ಅಷ್ಟೊತ್ತಿಗೆ ಒಡೆದಿರತ್ತೆ, ಹಳೇ ಚುಕ್ಕೆ ಒಣಗಿರತ್ತೆ. ತುಂಬ ಜನ ಎರಡನೇ ಸಲ ಹಚ್ಚೋದೇ ಇಲ್ಲ, ಆಮೇಲೆ ಪ್ರಾಡಕ್ಟ್ ಸರಿಯಿಲ್ಲ ಅಂತ ಒಂದು ಸ್ಟಾರ್ ಕೊಟ್ಟಿರ್ತಾರೆ, ನೋಡಿ ಬೇಜಾರಾಗತ್ತೆ.

ಈಗ ಆ ಅರ್ಧ ಸ್ಟಾರ್ ವಿಷಯ. ಸಿಹಿ ಇರೋದ್ರಿಂದ ಜೆಲ್‌ಗೆ ಇರುವೆ ಮುತ್ಕೊಳತ್ತೆ, ನಮ್ಮಲ್ಲಿ ಸಿಂಕ್ ಹತ್ರದ ಚುಕ್ಕೆಗಳನ್ನ ಅವೇ ಖಾಲಿ ಮಾಡಿದ್ವು. ಒಲೆ ಬಿಸಿ ತಾಗೋ ಕಡೆ ಬೇಗ ಗಟ್ಟಿ ಆಗತ್ತೆ. ಬಚ್ಚಲಿಂದ ಬರೋ ದೊಡ್ಡ ಜಿರಳೆಗೆ ಇದೊಂದೇ ಸಾಕಾಗಲ್ಲ, ಅವು ಚರಂಡಿಯಿಂದ ಬರ್ತಾನೇ ಇರ್ತಾವೆ, ಅದಕ್ಕೆ ಮೋರಿಗೆ ಸಣ್ಣ ಕಣ್ಣಿನ ಜಾಲರಿ ಹಾಕ್ಲೇಬೇಕು. ತಿಗಣೆಗೂ ಗೆದ್ದಲಿಗೂ ಇದು ಏನೂ ಮಾಡಲ್ಲ, ತಿಗಣೆ ರಕ್ತ ಬಿಟ್ಟು ಬೇರೆ ಏನೂ ಕುಡಿಯಲ್ಲ, ಗೆದ್ದಲು ಮಣ್ಣಿನ ಕೊಳವೆಯೊಳಗೇ ಓಡಾಡತ್ತೆ. ಮಗು ನಾಯಿ ಬೆಕ್ಕು ಇರೋರು ಕೈಗೆ ಸಿಗೋ ಕಡೆ ಹಚ್ಚಲೇಬೇಡಿ. ಒಂದೇ ಜೆಲ್ ವರ್ಷಗಟ್ಟಲೆ ಬಳಸ್ಬೇಡಿ ಕೂಡ, ಬೇರೆ ದೇಶದಲ್ಲಿ ಗ್ಲೂಕೋಸ್ ರುಚಿನೇ ಕಹಿ ಅನ್ಸೋ ಜಿರಳೆಗಳು ಹುಟ್ಕೊಂಡು ಸಿಹಿ ಜೆಲ್ ಬಿಟ್ಟುಬಿಟ್ಟಿದ್ದಾವೆ ಅಂತ 2013ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಆಗ ಔಷಧಿ ಬೇರೆ ಆದ್ರೆ ಸಾಲದು, ಸಿಹಿ ಅಂಶನೂ ಬೇರೆ ಇರೋ ಜೆಲ್‌ಗೆ ಬದಲಾಯಿಸಿ ನೋಡಿ.

ಇನ್ನೊಂದು, ಜೆಲ್ ಹಚ್ಚಿ ರಾತ್ರಿ ಎಂಜಲು ಪಾತ್ರೆ ಸಿಂಕಲ್ಲೇ ಬಿಟ್ರೆ ದುಡ್ಡು ದಂಡ. ಎದುರಿಗೆ ಸಾಂಬಾರ್ ಇದ್ರೆ ಜೆಲ್ ಯಾಕೆ ತಿನ್ನತ್ತೆ. ಅದಕ್ಕಿಂತ ನೀರು ಮುಖ್ಯ. ಬರೀ ನೀರು ಸಿಕ್ಕಿದ್ರೆ ಊಟ ಇಲ್ದೆ ತಿಂಗಳು ತಳ್ಳತ್ತೆ, ನೀರೂ ಇಲ್ಲ ಅಂದ್ರೆ ಎರಡು ವಾರ ಕಷ್ಟ. ಹಂಗಾಗಿ ತೊಟ್ಟಿಕ್ಕೋ ನಲ್ಲಿ ರಿಪೇರಿ ಮಾಡಿಸಿದ್ವಿ, ರಾತ್ರಿ ಸಿಂಕ್ ಒಣ ಬಟ್ಟೇಲಿ ಒರೆಸ್ತೀನಿ, ಹಸಿ ಕಸ ಮುಚ್ಚಿಡ್ತೀನಿ, ಪೈಪ್ ಸುತ್ತಲಿನ ಸಂದಿಗೆ ವೈಟ್ ಸಿಮೆಂಟ್ ಹಾಕಿಸಿದ್ವಿ. ಮನೆ ಶಿಫ್ಟ್ ಮಾಡಿದ್ದ ರಟ್ಟಿನ ಪೆಟ್ಟಿಗೆಗಳು ಅಟ್ಟದ ಮೇಲೆ ಹಂಗೇ ಇದ್ವು, ಇಳಿಸಿ ಬಿಚ್ಚಿದ್ರೆ ಮಡಿಕೆ ಮಡಿಕೆಗೂ ಹಿಕ್ಕೆ. ಮನೆಗೆ ಅವು ಬಂದಿದ್ದೇ ಅದರಲ್ಲಿ ಅಂತ ನನಗೆ ಗ್ಯಾರಂಟಿ ಆಗಿದ್ದು ಆವತ್ತು. ಈಗ ಡೆಲಿವರಿ ಬಾಕ್ಸ್, ಮೊಟ್ಟೆ ಟ್ರೇ ಯಾವುದನ್ನೂ ಒಂದು ರಾತ್ರಿನೂ ಒಳಗೆ ಇಟ್ಕೊಳ್ಳಲ್ಲ.

ಕೊನೇ ಮೂರು ವಾರದಿಂದ ಟ್ರ್ಯಾಪ್‌ನಲ್ಲಿ ಒಂದೂ ಬಿದ್ದಿಲ್ಲ, ಆದ್ರೂ ತೆಗೆದಿಲ್ಲ, ಶನಿವಾರಕ್ಕೊಂದು ಸಲ ಬಗ್ಗಿ ನೋಡ್ತೀನಿ. ಎದುರು ಮನೆಯೋರ ಕಿಚನ್ ಪೈಪ್ ನಮ್ಮದಕ್ಕೇ ಸೇರತ್ತೆ, ಅವರಿಗೂ ಒಂದು ಟ್ಯೂಬ್ ತಂದುಕೊಟ್ಟು ನಿನ್ನೆ ಸಂಜೆ ಆಂಟಿ ಜೊತೆ ಕೂತು ನಾನೇ ಹಚ್ಚಿ ಬಂದೆ. ಅತ್ತೆ ಮಿಕ್ಸಿ ಕವರ್ ಬಿಚ್ಚಿದ್ದಾರೆ.