ವಯಾರ್ತಾ ಕಡಲತೀರಕ್ಕೆ ಯಾವ ಹಬ್ಬಕ್ಕೆ ಹೋಗಬೇಕು: ನಮ್ಮ ಮೂರು ಪ್ರವಾಸಗಳ ಹೋಲಿಕೆ

ಮೆಕ್ಸಿಕೋದ ಶಾಂತಸಾಗರ ತೀರದಲ್ಲಿರುವ ಪುಯೆರ್ತೊ ವಯಾರ್ತಾಕ್ಕೆ ನಾವು ಸುಮಾರು ಒಂದೂವರೆ ವರ್ಷದಲ್ಲಿ ಮೂರು ಸಲ ಹೋಗಿಬಂದೆವು. 2023ರ ಏಪ್ರಿಲ್‌ನಲ್ಲಿ ಈಸ್ಟರ್ ವಾರಕ್ಕೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಗ್ವಾದಾಲೂಪೆ ಮಾತೆಯ (ಅಲ್ಲಿಯವರು ಪೂಜಿಸುವ ಮೇರಿ ಮಾತೆಯ ರೂಪ) ಹಬ್ಬಕ್ಕೆ, 2024ರ ನವೆಂಬರ್ ಮೊದಲಿಗೆ ಅಲ್ಲಿಯವರು ಗತಿಸಿದ ಹಿರಿಯರನ್ನು ನೆನೆಯುವ ಹಬ್ಬಕ್ಕೆ. ಮೂರರಲ್ಲಿ ಡಿಸೆಂಬರ್ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಫ್ರೀಮಾಂಟ್‌ನಲ್ಲಿರುವ ನಮಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ ಸಾಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋದ ವೀಸಾ ಬೇರೆಯಾಗಿ ಬೇಕಾಗುವುದಿಲ್ಲವಾದ್ದರಿಂದ ಮೈಸೂರಿನಿಂದ ಬಂದಿದ್ದ ಅತ್ತೆಯವರನ್ನೂ ಒಮ್ಮೆ ಕರೆದುಕೊಂಡು ಹೋಗಲು ಸಾಧ್ಯವಾಯಿತು. ನಾವು ಸಸ್ಯಾಹಾರಿಗಳು, ಮದ್ಯ ಸೇವಿಸುವವರಲ್ಲ, ರಾತ್ರಿ ಹತ್ತಕ್ಕೆ ಮಲಗುವವರು, ಹೋಟೆಲಿನ ಈಜುಕೊಳಕ್ಕಿಂತ ಊರಿನ ಬೀದಿಯಲ್ಲಿ ಹೊತ್ತು ಕಳೆಯಲು ಬಯಸುವವರು. ನನ್ನ ತೀರ್ಪು ಈ ಅಭ್ಯಾಸಗಳ ಮೇಲೆಯೇ ನಿಂತಿದೆ.

ಈಸ್ಟರ್ ವಾರವನ್ನು ನಾವು ಆರಿಸಿದ್ದಕ್ಕೆ ಮಗಳ ಶಾಲೆಯ ವಸಂತ ರಜೆಯ ಹೊರತು ಬೇರೆ ಕಾರಣವಿರಲಿಲ್ಲ. ಅಲ್ಲಿ ಸೆಮಾನಾ ಸಾಂತಾ ಎನ್ನುವ ಆ ವಾರಕ್ಕೂ ಅದರ ಮುಂದಿನ ವಾರಕ್ಕೂ ಮೆಕ್ಸಿಕೋದ ಶಾಲೆಗಳಿಗೆಲ್ಲ ರಜೆ ಇರುತ್ತದೆಂಬುದನ್ನು ನಾನು ವಿಚಾರಿಸಿಯೇ ಇರಲಿಲ್ಲ. ಗ್ವಾದಲಹಾರಾದಂಥ ದೊಡ್ಡ ನಗರದವರಿಗೆ ಹತ್ತಿರದ ಕಡಲತೀರಗಳಲ್ಲಿ ಇದೂ ಒಂದು. ಅಲ್ಲಿಂದ ಅಜ್ಜ ಅಜ್ಜಿಯರಿಂದ ಹಿಡಿದು ಕೈಗೂಸುಗಳವರೆಗೆ ಇಡೀ ಕುಟುಂಬಗಳು ಡೇರೆ, ಐಸ್ ಪೆಟ್ಟಿಗೆ, ಅಡುಗೆಯ ಸಾಮಾನುಗಳೊಂದಿಗೆ ಬಂದಿಳಿಯುತ್ತವೆ. ವರ್ಷಪೂರ್ತಿ ದುಡಿದವರು ತಮ್ಮ ದೇಶದ ಕಡಲಿಗೆ ತಾವು ಬರುವುದರಲ್ಲಿ ತಪ್ಪೇನೂ ಇಲ್ಲ, ಅವರ ಸಂತೋಷವನ್ನು ನೋಡುವುದೂ ಚೆನ್ನಾಗಿತ್ತು. ಆದರೆ ಲೋಸ್ ಮುಯೆರ್ತೋಸ್ ಕಡಲತೀರದಲ್ಲಿ ಒಂದು ಟವೆಲು ಹಾಸಲು ಜಾಗ ಹುಡುಕಿಕೊಂಡು ಅರ್ಧ ಗಂಟೆ ನಡೆಯಬೇಕಾಯಿತು. ರಾತ್ರಿ ಎರಡರವರೆಗೆ ಬ್ಯಾಂಡಿನ ಕಹಳೆಗಳ ಸದ್ದು ನಿಲ್ಲಲಿಲ್ಲ. ಕೋಣೆಗೆ ರಾತ್ರಿಯೊಂದಕ್ಕೆ 215 ಡಾಲರ್, ಅದೂ ಕನಿಷ್ಠ ಐದು ರಾತ್ರಿ ಉಳಿಯಬೇಕೆಂಬ ಷರತ್ತಿನ ಮೇಲೆ. ಆ ವಾರದಲ್ಲಿ ಮೆಚ್ಚಿದ್ದು ಕಾಪಿರೊತಾದಾ ಒಂದನ್ನೇ. ಒಣಗಿದ ಬ್ರೆಡ್ಡನ್ನು ಅವರ ಕಪ್ಪು ಬೆಲ್ಲದ ಪಾಕದಲ್ಲಿ ನೆನೆಸಿ, ಒಣದ್ರಾಕ್ಷಿ, ಕಡಲೆಕಾಯಿ, ಚೀಸ್ ಸೇರಿಸಿ ಮಾಡುವ, ಉಪವಾಸದ ದಿನಗಳ ತಿನಿಸು. ಲವಂಗ, ದಾಲ್ಚಿನ್ನಿಯ ಘಮವಿರುವ ಆ ಪಾಕದ ರುಚಿ ನಮ್ಮ ನಾಲಿಗೆಗೆ ತೀರ ಹತ್ತಿರದ್ದಾಗಿತ್ತು.

ಡಿಸೆಂಬರ್‌ನ ಮಾತೇ ಬೇರೆ, ಏಕೆಂದರೆ ಆ ಹಬ್ಬ ಆ ಊರಿನದ್ದೇ. 1851ರ ಡಿಸೆಂಬರ್ 12ರಂದು, ಅಂದರೆ ಗ್ವಾದಾಲೂಪೆ ಮಾತೆಯ ಹಬ್ಬದ ದಿನದಂದೇ, ಈ ಊರು ಹುಟ್ಟಿತೆಂದು ಅಲ್ಲಿಯವರು ಎಣಿಸುತ್ತಾರೆ. ಮೊದಲಿಗೆ ಊರಿನ ಹೆಸರಿನಲ್ಲೇ ಆ ತಾಯಿಯ ಹೆಸರೂ ಸೇರಿತ್ತು, ಈಗಿನ ಹೆಸರು ಬಂದದ್ದು 1918ರಲ್ಲಿ. 1531ರಲ್ಲಿ ಹುವಾನ್ ದಿಯೆಗೊ ಎಂಬ ಮೂಲನಿವಾಸಿ ರೈತನಿಗೆ ಮೆಕ್ಸಿಕೋ ನಗರದ ಬಳಿಯ ತೆಪೆಯಾಕ್ ಗುಡ್ಡದ ಮೇಲೆ ಮಾತೆ ಕಾಣಿಸಿಕೊಂಡಳೆಂಬ ನಂಬಿಕೆಯಿಂದ ಬಂದ ಹಬ್ಬವನ್ನು ಇಡೀ ದೇಶ ಒಂದು ದಿನ ಆಚರಿಸಿದರೆ, ಇಲ್ಲಿ ಡಿಸೆಂಬರ್ 1ರಿಂದ 12ರವರೆಗೆ ದಿನವೂ ಮೆರವಣಿಗೆಗಳು ನಡೆಯುತ್ತವೆ. ಹೋಟೆಲುಗಳ ನೌಕರರು, ಅಂಗಡಿಯವರು, ಬ್ಯಾಂಕಿನವರು, ಒಂದೊಂದು ಬಡಾವಣೆಯವರು ತಮಗೆ ಗೊತ್ತುಪಡಿಸಿದ ಹೊತ್ತಿಗೆ ಹುವಾರೆಸ್ ಬೀದಿಯಲ್ಲಿ ಸಾಲಾಗಿ ನಡೆದು ಕಿರೀಟದ ಗೋಪುರವಿರುವ ಚರ್ಚಿಗೆ ಹೋಗುತ್ತಾರೆ. ಬೆಳಿಗ್ಗೆ ನಮ್ಮ ಕೋಣೆ ಗುಡಿಸಿದ ಹೆಂಗಸನ್ನೇ ನಾನು ಸಂಜೆ ಬಿಳಿ ರವಿಕೆಯಲ್ಲಿ, ಕೈಯಲ್ಲಿ ಮೇಣದ ಬತ್ತಿ ಹಿಡಿದು, ತನ್ನ ಜೊತೆಗಾರರ ಸಾಲಿನಲ್ಲಿ ನಡೆಯುತ್ತಿದ್ದುದನ್ನು ಕಂಡೆ. ಆಕೆ ನನ್ನನ್ನು ಗುರುತಿಸಿ ನಕ್ಕಳು. ಅಲ್ಲಿ ನಿಂತು ನೋಡುವ ಪ್ರವಾಸಿಗೆ ಯಾರೂ ಏನನ್ನೂ ಮಾರುವುದಿಲ್ಲ, ಏನನ್ನೂ ಪ್ರದರ್ಶಿಸುವುದಿಲ್ಲ; ಊರು ತನ್ನ ಪಾಡಿಗೆ ತಾನು ಹರಕೆ ತೀರಿಸುತ್ತಿರುತ್ತದೆ. ಹರಕೆ ಎಂಬ ಮಾತನ್ನು ಸುಮ್ಮನೆ ಬಳಸಿಲ್ಲ. 12ರಂದು ನಡೆಯುವ ದೊಡ್ಡ ಮೆರವಣಿಗೆಗೆ ಫಾವೊರೆಸಿದೋಸ್ ಎಂದೇ ಹೆಸರು, ಬೇಡಿಕೊಂಡದ್ದು ಕೈಗೂಡಿದವರು ಎಂದು ಅದರ ಅರ್ಥ.

ಮೆರವಣಿಗೆಯ ಮುಂದೆ ಗರಿಗಳ ಕಿರೀಟ ತೊಟ್ಟ ಕುಣಿತದವರು ಬರುತ್ತಾರೆ. ಅವರ ಕಾಲಿಗೆ ಕಟ್ಟಿದ್ದು ಲೋಹದ ಗೆಜ್ಜೆಯಲ್ಲ, ಒಣಗಿದ ಕಾಯಿಗಳ ಗಟ್ಟಿ ಕರಟಗಳನ್ನು ಚರ್ಮದ ಪಟ್ಟಿಗೆ ಹೊಲಿದದ್ದು. ಸಾಲು ಮುಂದೆ ಸಾಗದೆ ನಿಂತಿದ್ದ ಒಂದು ಗಳಿಗೆಯಲ್ಲಿ ಹುಡುಗನೊಬ್ಬ ತನ್ನ ಪಟ್ಟಿಯನ್ನು ಬಿಚ್ಚಿ ನನ್ನ ಮಗಳ ಕೈಗೆ ಕೊಟ್ಟ. ಅಲ್ಲಾಡಿಸಿದರೆ ಜಲ್ಲಿಕಲ್ಲಿನ ಮೇಲೆ ಮಳೆ ಸುರಿದಂಥ ಸದ್ದು. ಪುಟ್ಟ ಗಂಡುಮಕ್ಕಳಿಗೆ ಹುವಾನ್ ದಿಯೆಗೊನ ವೇಷ ಹಾಕಿ, ಕಾಡಿಗೆಯಿಂದ ಮೀಸೆ ಬರೆದು, ಬೆನ್ನಿಗೆ ಪುಟ್ಟ ಬುಟ್ಟಿ ಕಟ್ಟಿರುತ್ತಾರೆ. 11ರ ನಡುರಾತ್ರಿ, ಹುಟ್ಟುಹಬ್ಬದ ಬೆಳಗಿನಲ್ಲಿ ಮನೆಯವರನ್ನು ಎಬ್ಬಿಸಲು ಹಾಡುವ ಹಾಡನ್ನೇ ಮರಿಯಾಚಿ ವಾದ್ಯದವರು ಚರ್ಚಿನೊಳಗೆ ಮಾತೆಗಾಗಿ ನುಡಿಸಿದರು. ಅದರ ಅರ್ಥವನ್ನು ಹೇಳಿದಾಗ ಅತ್ತೆಯವರು, “ಹಾಗಾದರೆ ಇದು ಸುಪ್ರಭಾತ ಕಣಮ್ಮ” ಎಂದು ಕೈಮುಗಿದರು. ಹತ್ತಕ್ಕೆ ಮಲಗುವ ನಾವು ನಾಲ್ವರೂ ಅಂದು ಒಂದು ಗಂಟೆಯವರೆಗೆ ಎಚ್ಚರವಾಗಿದ್ದೆವು.

ಇನ್ನು ಡಿಸೆಂಬರ್‌ನ ಒಂದು ತೊಡಕನ್ನು ವಿವರವಾಗಿ ಹೇಳಬೇಕು, ಏಕೆಂದರೆ ಗೊತ್ತಿಲ್ಲದೆ ಹೋದವರಿಗೆ ಮೊದಲ ದಿನವೇ ಪ್ರವಾಸ ಕೆಟ್ಟಿತೆನಿಸುವಷ್ಟು ಅದು ಕಾಡುತ್ತದೆ. ಮೆರವಣಿಗೆ ನಡೆಯುವ ಸಂಜೆಗಳಲ್ಲಿ ಹಳೆಯ ಊರಿನ ನಡುಭಾಗದ ಬೀದಿಗಳಿಗೆ ವಾಹನ ಬಿಡುವುದಿಲ್ಲ. ನಾನು ಕೋಣೆ ಕಾಯ್ದಿರಿಸಿದ್ದು ಚರ್ಚಿನ ಹಿಂದಿನ ಗುಡ್ಡದ ಮೇಲೆ. ಜಾಹೀರಾತಿನಲ್ಲಿ ಚರ್ಚಿನಿಂದ ಮೂರೇ ನಿಮಿಷ ಎಂದಿತ್ತು, ಆ ಮೂರು ನಿಮಿಷ ಪೂರ್ತಿ ಮೆಟ್ಟಿಲು ಎಂದಿರಲಿಲ್ಲ. ಡಿಸೆಂಬರ್ 8, ಶುಕ್ರವಾರ ಸಂಜೆ ಆರೂವರೆಗೆ ಟ್ಯಾಕ್ಸಿಯವನು ಮಲೆಕೋನ್ ಎಂಬ ಕಡಲಬದಿಯ ಕಾಲುದಾರಿಯ ಉತ್ತರದ ತುದಿಯಲ್ಲೇ ನಮ್ಮನ್ನು ಇಳಿಸಿ, ಇಲ್ಲಿಂದ ಮುಂದೆ ನಡೆದೇ ಹೋಗಬೇಕೆಂದು ಕೈ ತೋರಿಸಿದ. ಎರಡು ದೊಡ್ಡ ಸೂಟ್‌ಕೇಸು, ನಿದ್ದೆಗಣ್ಣಿನ ಮಗಳು, ಮಂಡಿನೋವಿನ ಅತ್ತೆಯವರು.

ಮಲೆಕೋನ್‌ನ ನೆಲ ನುಣುಪಾಗಿದೆ, ಅಲ್ಲಿ ಕಷ್ಟವಾಗಲಿಲ್ಲ. ಒಳಬೀದಿಗೆ ತಿರುಗಿದ ಕೂಡಲೇ ಗುಂಡುಕಲ್ಲುಗಳನ್ನು ಹೂತು ಮಾಡಿದ ದಾರಿ ಶುರುವಾಯಿತು. ಸೂಟ್‌ಕೇಸಿನ ಗಾಲಿ ಕಲ್ಲುಗಳ ಸಂದಿಗೆ ಸಿಕ್ಕಿ, ಎಳೆದಾಗ ಕಿತ್ತೇ ಬಂತು. ಯಜಮಾನರು ಅದನ್ನು ಹೆಗಲಿಗೇರಿಸಿಕೊಂಡರು. ಎದುರಿನಿಂದ ಮೆರವಣಿಗೆ ಬರುತ್ತಿತ್ತು, ಇಕ್ಕೆಲದಲ್ಲೂ ತಿಂಡಿಯ ಗಾಡಿಗಳು, ದಾಟಲು ಸಂದು ಸಿಗುವುದೇ ಕಷ್ಟವಾಗಿತ್ತು. ಚುರೊ ಎಂಬ ಸಿಹಿತಿಂಡಿ ಕರಿಯುತ್ತಿದ್ದ ಹೆಂಗಸೊಬ್ಬಳು ಅತ್ತೆಯವರ ಮುಖ ನೋಡಿ, ತಾನು ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನೇ ಎಳೆದು ಕೊಟ್ಟು, ಕೂರಿ ಎಂದು ಸನ್ನೆ ಮಾಡಿದಳು. ಅತ್ತೆಯವರು ಅಲ್ಲಿ ಮುಕ್ಕಾಲು ಗಂಟೆ ಕುಳಿತು ನೋಡಿದ್ದೇ ಅವರ ಮೊದಲ ಮೆರವಣಿಗೆ. ಆಮೇಲೆ ಮೆಟ್ಟಿಲುಗಳನ್ನು ಹತ್ತತ್ತರಂತೆ ಹತ್ತಿ, ನಿಂತು, ಮತ್ತೆ ಹತ್ತಿ, ಕೋಣೆ ಸೇರುವಾಗ ಒಂಬತ್ತು ಕಳೆದಿತ್ತು.

ಮರುದಿನದಿಂದ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ನಾಲ್ಕು ಗಂಟೆಗೇ ಕೆಳಗಿಳಿದು, ರಾತ್ರಿ ಸಂದಣಿ ಕರಗುವವರೆಗೆ ಮೇಲೆ ಹೋಗುವ ಯೋಚನೆಯನ್ನೇ ಮಾಡದೆ ಇರುವುದು. ಅತ್ತೆಯವರ ಮಾತ್ರೆ, ಶಾಲು, ನೀರು ಎಲ್ಲವೂ ಒಂದೇ ಚೀಲದಲ್ಲಿ ಜೊತೆಗಿರುವುದು. ಆದರೂ ಬೆಳಗಿನ ಜಾವ ಸಿಡಿಸುವ ಬಾಣಬಿರುಸುಗಳಿಗೆ ನಮ್ಮ ಬಳಿ ಉಪಾಯವಿರಲಿಲ್ಲ, ಐದೂವರೆಗೆಲ್ಲ ಏಳಲೇಬೇಕಾಗುತ್ತಿತ್ತು. ಕ್ವಾಲೆ ನದಿಯ ದಕ್ಷಿಣ ದಂಡೆಯಲ್ಲಿ ಕೋಣೆ ಹಿಡಿದಿದ್ದರೆ ಈ ಎರಡೂ ತೊಂದರೆ ಬಹುಪಾಲು ತಪ್ಪುತ್ತಿದ್ದವು: ಅತ್ತ ಬೀದಿಗಳು ಸಮತಟ್ಟು, ಸೇತುವೆ ದಾಟಿ ಹತ್ತು ನಿಮಿಷ ನಡೆದರೆ ಚರ್ಚು ಬರುತ್ತದೆ. ಹಬ್ಬದ ನಡುವೆಯೇ ಇರಬೇಕೆಂಬ ನನ್ನ ಆಸೆಗೆ ಅತ್ತೆಯವರ ಮಂಡಿಯನ್ನು ಒಡ್ಡಿದೆನಲ್ಲ ಎಂಬ ನೋವು ನನಗೆ ಈಗಲೂ ಇದೆ.

ಊಟದ ವಿಷಯದಲ್ಲಿ ಮೂರು ಋತುಗಳಿಗೂ ಹೆಚ್ಚು ವ್ಯತ್ಯಾಸವಿಲ್ಲ. ಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ತಮಾಲೆಗೂ ಬೇಯಿಸಿದ ಬೀನ್ಸ್ ಕಾಳಿಗೂ ಸಾಮಾನ್ಯವಾಗಿ ಹಂದಿಯ ಕೊಬ್ಬು ಬೀಳುತ್ತದೆ, ಅದಕ್ಕೆ ಮಾಂಸವಿಲ್ಲ ತಾನೇ ಎಂದು ಕೇಳಿದರೆ ಸಾಲದು, ಮಾಂತೆಕಾ ಇದೆಯೇ ಎಂದು ಆ ಹೆಸರು ಹಿಡಿದೇ ಕೇಳಬೇಕು. ಡಿಸೆಂಬರ್‌ನಲ್ಲಿ ಮಾತ್ರ ಚರ್ಚಿನ ಸುತ್ತಲಿನ ಗಾಡಿಗಳಲ್ಲಿ ಸುಟ್ಟ ಜೋಳ, ಸೀಬೆಹಣ್ಣು ಮತ್ತು ಕಬ್ಬಿನ ತುಂಡು ಹಾಕಿ ಕುದಿಸಿದ ಬಿಸಿ ಪೋಂಚೆ ಸಿಗುತ್ತವೆ. ತೆಂಗಿನ ಮರದಿಂದ ಇಳಿಸಿ, ಸೇಬು ಮತ್ತು ಕಡಲೆಕಾಯಿ ಹೆಚ್ಚಿ ಹಾಕಿ ಕೊಡುವ ತೂಬಾ ಮಲೆಕೋನ್‌ನಲ್ಲಿ ವರ್ಷವಿಡೀ ಇದೆ. ನೀರಾ ಕುಡಿದು ಗೊತ್ತಿರುವವರಿಗೆ ಅದರ ಪರಿಚಯ ಬೇಕಿಲ್ಲ.

ತಿಮಿಂಗಿಲಗಳನ್ನು ನೋಡುವ ಅಧಿಕೃತ ಋತು ಡಿಸೆಂಬರ್ 8ರಿಂದ ಮಾರ್ಚ್ 23ರವರೆಗೆ. ಗೂನುಬೆನ್ನಿನ ತಿಮಿಂಗಿಲಗಳು ಮರಿ ಹಾಕಲು ಆ ಕೊಲ್ಲಿಗೆ ಬರುತ್ತವೆ. ಮೊದಲ ವಾರದಲ್ಲಿ ಹೋದದ್ದರಿಂದ ನಮಗೆ ದೋಣಿಯಿಂದ ಕಂಡದ್ದು ಎರಡೇ, ಆದರೆ ಅವುಗಳಲ್ಲೊಂದರ ಬಾಲ ನೀರಿನಿಂದ ಪೂರ್ತಿ ಮೇಲೆದ್ದು ಮುಳುಗಿದ್ದನ್ನು ಮಗಳು ಇನ್ನೂ ಚಿತ್ರ ಬರೆಯುತ್ತಿರುತ್ತಾಳೆ. ಈಸ್ಟರ್ ಹೊತ್ತಿಗೆ ಅವು ಬಹುಪಾಲು ಹೊರಟುಹೋಗಿರುತ್ತವೆ, ನವೆಂಬರ್ ಮೊದಲಿಗೆ ಹೆಚ್ಚಿನವು ಇನ್ನೂ ಬಂದಿರುವುದಿಲ್ಲ.

ಮೂರನೆಯ ಪ್ರವಾಸಕ್ಕೆ ಸ್ನೇಹಿತರ ಒತ್ತಾಯ ಕಾರಣ. ನವೆಂಬರ್ 1 ಮತ್ತು 2ರ ದಿಯಾ ದೆ ಮುಯೆರ್ತೋಸ್ ಹಬ್ಬವನ್ನು ಯುನೆಸ್ಕೋ 2008ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮೊದಲ ದಿನ ತೀರಿಕೊಂಡ ಮಕ್ಕಳಿಗೆ, ಎರಡನೆಯ ದಿನ ಹಿರಿಯರಿಗೆ ಮೀಸಲು. ಗತಿಸಿದವರ ಚಿತ್ರದ ಮುಂದೆ ಅವರಿಗೆ ಇಷ್ಟವಾದ ತಿನಿಸು, ನೀರು, ಉಪ್ಪು, ದೀಪ ಇಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಯಿಂದ ಬಂದ ನನಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ಎಲ್ಲೆಲ್ಲೂ ಚೆಂಡುಹೂ. ಅದರ ತವರು ಮೆಕ್ಸಿಕೋ ಎಂಬುದು ನನಗೆ ಗೊತ್ತಿದ್ದರೂ, ಅಲ್ಲಿ ಸೆಂಪಾಸೂಚಿಲ್ ಎಂಬ ಹೆಸರಿನಲ್ಲಿ ರಾಶಿರಾಶಿಯಾಗಿ ಬಿದ್ದದ್ದನ್ನು ಕಂಡಾಗ ಎದೆ ತುಂಬಿತು. ಆ ವರ್ಷ ಅಕ್ಟೋಬರ್ 31ಕ್ಕೆ ನರಕ ಚತುರ್ದಶಿ, ನವೆಂಬರ್ 2ಕ್ಕೆ ಬಲಿಪಾಡ್ಯಮಿ ಬಿದ್ದಿದ್ದವು. ಮೈಸೂರಿಗೆ ವಿಡಿಯೊ ಕರೆ ಮಾಡಿ ಹೂವಿನ ರಾಶಿ ತೋರಿಸಿದಾಗ ಅತ್ತೆಯವರು, “ನಮ್ಮ ಬಾಗಿಲಿಗೂ ಇವತ್ತು ಅದೇ ಹೂವು ಕಣಮ್ಮ, ನೀವು ಮನೇಲಿ ದೀಪ ಹಚ್ಚೋದು ಬಿಟ್ಟು ಅಲ್ಲಿದೀರಲ್ಲ” ಎಂದರು. ಅವರ ಮಾತು ನಿಜವಾಗಿತ್ತು, ಆ ಪ್ರವಾಸದ ಉದ್ದಕ್ಕೂ ನನ್ನೊಳಗೆ ಉಳಿಯಿತು.

ಹಬ್ಬ ಎಷ್ಟೇ ಆಳದ್ದಾದರೂ ವಯಾರ್ತಾದಲ್ಲಿ ಅದು ನಮಗೆ ಕಂಡದ್ದು ಹೆಚ್ಚಾಗಿ ಪ್ರದರ್ಶನದ ರೂಪದಲ್ಲಿ. ಹೋಸೆ ಗ್ವಾದಾಲೂಪೆ ಪೊಸಾದಾ ಎಂಬ ಮುದ್ರಣ ಕಲಾವಿದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆತ್ತಿದ ಅಸ್ಥಿಪಂಜರದ ಹೆಂಗಸು ಕಾತ್ರಿನಾ ಮಲೆಕೋನ್ ಮೇಲೆ ಇಪ್ಪತ್ತು ಮೀಟರಿಗೂ ಮಿಕ್ಕ ಎತ್ತರಕ್ಕೆ ನಿಂತಿರುತ್ತಾಳೆ, ಅವಳ ಬುಡದಲ್ಲಿ ಚಿತ್ರ ತೆಗೆಸಿಕೊಳ್ಳುವವರ ಸಾಲು ಮುಗಿಯುವುದೇ ಇಲ್ಲ. ಅದು ಚೆಂದವಿಲ್ಲವೆಂದು ಹೇಳಲಾರೆ. ಆದರೆ ನಿಜವಾದ ಹಬ್ಬ ಮನೆಗಳ ಒಳಗೆ ಮತ್ತು ಸ್ಮಶಾನದಲ್ಲಿ ನಡೆಯುವಂಥದ್ದು, ಅಲ್ಲಿಗೆ ಹೊರಗಿನವರಾದ ನಾವು ಕ್ಯಾಮೆರಾ ಹಿಡಿದು ಹೋಗುವುದು ನನಗೆ ಸರಿಕಾಣಲಿಲ್ಲ. ಹಗಲಿನ ಸೆಕೆಯೂ ಆಗಿನ್ನೂ ಇಳಿದಿರಲಿಲ್ಲ. ಜೊತೆಗೆ, ಟಿಕೆಟ್ ಕೊಳ್ಳಬೇಕಾದ ತಿಂಗಳುಗಳು ಚಂಡಮಾರುತದ ಋತುವಿನ ನಡುವೆ ಬೀಳುತ್ತವೆ; 2023ರ ಅಕ್ಟೋಬರ್ 10ರಂದು ಲಿಡಿಯಾ ಚಂಡಮಾರುತ ವಯಾರ್ತಾದ ದಕ್ಷಿಣಕ್ಕೆ ಅಪ್ಪಳಿಸಿದ್ದನ್ನು ನೆನೆದು ನಾನು ರದ್ದುಮಾಡಬಹುದಾದ ದುಬಾರಿ ಟಿಕೆಟನ್ನೇ ಕೊಂಡೆ.

ಖರ್ಚಿನಲ್ಲಿ ಡಿಸೆಂಬರ್ ಗೆಲ್ಲುತ್ತದೆ. ಕೋಣೆಗೆ ನಾವು ಕೊಟ್ಟದ್ದು ಡಿಸೆಂಬರ್‌ನಲ್ಲಿ ರಾತ್ರಿಗೆ 105 ಡಾಲರ್, ನವೆಂಬರ್‌ನಲ್ಲಿ 130. ಕ್ರಿಸ್‌ಮಸ್ ಹತ್ತಿರವಾದಂತೆ ದರ ಏರುತ್ತದೆ, ಆದ್ದರಿಂದ 12ರ ಹಬ್ಬ ಮುಗಿಸಿಕೊಂಡು ಹೊರಟುಬಿಡುವುದು ನಮ್ಮಂಥ ಜೇಬಿನವರಿಗೆ ಒಳ್ಳೆಯದು. ಮಗಳಿಗೆ ನಾಲ್ಕು ದಿನ ಶಾಲೆ ತಪ್ಪಿತು, ಅದಕ್ಕೆ ಶಿಕ್ಷಕರಿಗೆ ಮೊದಲೇ ಪತ್ರ ಬರೆದಿದ್ದೆ; ಮಕ್ಕಳು ಮೇಲಿನ ತರಗತಿಗಳಿಗೆ ಹೋದ ಮೇಲೆ ಇದು ಸುಲಭವಾಗಲಾರದು. ಶಾಲೆಯ ರಜೆಯಲ್ಲದೆ ಹೊರಡಲಾಗದವರಿಗೂ ಈಸ್ಟರ್ ವಾರವನ್ನು ನಾನು ಸೂಚಿಸುವುದಿಲ್ಲ. ಮೂರೇ ದಿನ ಬಿಡುವಿದ್ದು, ಅಲಂಕಾರ ಮತ್ತು ಬಣ್ಣಗಳನ್ನು ನೋಡುವ ಆಸೆಯಿದ್ದು, ದೀಪಾವಳಿ ಬೇರೆ ವಾರಕ್ಕೆ ಬಿದ್ದಿರುವ ವರ್ಷವಾದರೆ ನವೆಂಬರ್ ಆಗಬಹುದು.

ಅತ್ತೆಯವರು ಮತ್ತೆ ಬರುವವರಿದ್ದಾರೆ. ಡಿಸೆಂಬರ್ 7ರಿಂದ 13ರವರೆಗೆ ಕ್ವಾಲೆಯ ದಕ್ಷಿಣದಲ್ಲಿ ನೆಲಮಹಡಿಯ ಕೋಣೆಯನ್ನು ಕಾಯ್ದಿರಿಸಿದ್ದೇನೆ. ಹಣ ಕಟ್ಟುವ ಮುಂಚೆ, ಬಾಗಿಲವರೆಗೆ ಎಷ್ಟು ಮೆಟ್ಟಿಲಿವೆ ಎಂದು ಬರೆದು ಕೇಳಿ, ಎರಡೇ ಎಂಬ ಉತ್ತರವನ್ನು ಚಿತ್ರದ ಸಮೇತ ತರಿಸಿಕೊಂಡಿದ್ದೇನೆ. ವಿಮಾನ ಮಧ್ಯಾಹ್ನ ಒಂದಕ್ಕೇ ಇಳಿಯುತ್ತದೆ.